ಆಪರೇಷನ್ ಮಾಡಿಸಿದರೆ ಹಸುವಿನ ವಿಮೆ ಹೋಗುತ್ತದೆಯೇ?



ತುರ್ತು ಕರೆ ಬಂದು ನಿಮ್ಮ ಕೊಟ್ಟಿಗೆಗೆ ಬಂದಾಗ ನಾವು ಹಸುವನ್ನು ಪರೀಕ್ಷಿಸಿ, "ಇದಕ್ಕೆ ಆಪರೇಷನ್ ಒಂದೇ ದಾರಿ" ಎಂದು ಹೇಳಬೇಕಾದ ಸಂದರ್ಭಗಳು ಬರುತ್ತವೆ. ಆಗ ನೀವು ಕೇಳುವ ಮೊದಲ ಪ್ರಶ್ನೆ, "ಹಸು ಉಳಿಯುತ್ತಾ?" ಎರಡನೆಯದು, "ಖರ್ಚು ಎಷ್ಟಾಗುತ್ತೆ?" ಹಸುವಿಗೆ ವಿಮೆ ಮಾಡಿಸಿದ ಮನೆಗಳಲ್ಲಿ ಈಗ ಮೂರನೆಯ ಪ್ರಶ್ನೆಯೂ ಬರುತ್ತಿದೆ: "ಕೊಯ್ದ ಮೇಲೆ ಸತ್ತರೆ ಇನ್ಶೂರೆನ್ಸ್ ದುಡ್ಡು ಬರುತ್ತಾ?"

ಈ ಮೂರನೆಯ ಪ್ರಶ್ನೆಗೆ ಊರಿನಲ್ಲಿ ಯಾರೋ ಒಬ್ಬರು "ಬರಲ್ಲ" ಎಂದು ಹೇಳಿಬಿಡುತ್ತಾರೆ. ಆ ಒಂದು ಮಾತಿಗೆ ಆಪರೇಷನ್ ನಿಂತುಹೋಗುತ್ತದೆ. ಹಸು ತಾನಾಗಿ ಸತ್ತರೆ ವಿಮೆಯಾದರೂ ಸಿಗಲಿ ಎಂದು ಕಾಯುತ್ತಾರೆ. ಹೀಗೆ ಕಾಯುವುದರಿಂದ ಉಳಿಯಬಹುದಾಗಿದ್ದ ಹಸುವೂ ಹೋಗುತ್ತದೆ, ಕೆಲವೊಮ್ಮೆ ವಿಮೆಯೂ ಹೋಗುತ್ತದೆ. ಅದಕ್ಕಾಗಿ ಈ ಸಂಚಿಕೆಯಲ್ಲಿ ಈ ವಿಷಯವನ್ನು ಬಿಡಿಸಿ ಹೇಳುತ್ತಿದ್ದೇನೆ.

ಪಾಲಿಸಿ ಏನು ಹೇಳುತ್ತದೆ?

ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಮಾರಾಟವಾಗುವ ರಾಸು ವಿಮಾ ಪಾಲಿಸಿಗಳಲ್ಲಿ ಯಾವ ಯಾವ ಕಾರಣದ ಸಾವಿಗೆ ಪರಿಹಾರವಿದೆ ಎಂಬ ಪಟ್ಟಿ ಇರುತ್ತದೆ. ಅಪಘಾತ, ಬೆಂಕಿ, ಸಿಡಿಲು, ಪ್ರವಾಹ, ಬರಗಾಲ, ಪಾಲಿಸಿ ಅವಧಿಯಲ್ಲಿ ಬಂದ ಕಾಯಿಲೆ, ಗಲಭೆ, ಮುಷ್ಕರ ಎಂದೆಲ್ಲ ಬರೆದಿರುವ ಅದೇ ಪಟ್ಟಿಯಲ್ಲಿ "ಶಸ್ತ್ರಚಿಕಿತ್ಸೆ" ಎಂಬ ಪದವೂ ಇರುತ್ತದೆ. ಅಂದರೆ, ಅರ್ಹ ಪಶುವೈದ್ಯರು ಹಸುವಿನ ಜೀವ ಉಳಿಸಲು ಆಪರೇಷನ್ ಮಾಡಿ, ಆದರೂ ಹಸು ಸತ್ತರೆ, ಆ ಸಾವು ಪಾಲಿಸಿಯ ವ್ಯಾಪ್ತಿಯೊಳಗೇ ಬರುತ್ತದೆ. ನಿಮ್ಮ ಪಾಲಿಸಿ ಪತ್ರವನ್ನು ಇಂದೇ ತೆಗೆದು ಈ ಪದ ಇದೆಯೇ ನೋಡಿ. ಪತ್ರ ಇಂಗ್ಲಿಷಿನಲ್ಲಿದ್ದರೆ ಸಂಘದ ಕಾರ್ಯದರ್ಶಿಯವರಿಂದಲೋ ಕಾಲೇಜಿಗೆ ಹೋಗುವ ಮಗಳಿಂದಲೋ ಓದಿಸಿ.

ಇದರ ಜೊತೆಗೆ ಇನ್ನೊಂದು ಮಾತನ್ನೂ ತಿಳಿದಿರಬೇಕು. ರಾಸು ವಿಮೆ ಹಸುವಿನ ಜೀವಕ್ಕೆ ಮಾಡಿಸಿದ ವಿಮೆ. ಚಿಕಿತ್ಸೆಯ ಖರ್ಚಿಗೆ ಅಲ್ಲ. ಆಪರೇಷನ್ನಿಗೆ ಬೇಕಾದ ಗ್ಲೂಕೋಸ್ ಬಾಟಲಿ, ಇಂಜೆಕ್ಷನ್, ಹೊಲಿಗೆ ದಾರ ಇವುಗಳ ಬಿಲ್ಲನ್ನು ವಿಮಾ ಕಂಪನಿ ಕೊಡುವುದಿಲ್ಲ. ಹಸು ಬದುಕಿದರೆ ಸಾಮಾನ್ಯವಾಗಿ ಕಂಪನಿಯಿಂದ ಒಂದು ರೂಪಾಯಿಯೂ ಬರುವುದಿಲ್ಲ. ಹಾಗಾಗಿ ಆಪರೇಷನ್ ಖರ್ಚು ನಿಮ್ಮ ಕೈಯಿಂದಲೇ ಹೋಗಬೇಕು. ಕೆಲವರು ಹಿಂಜರಿಯುವುದು ಇದೇ ಕಾರಣಕ್ಕೆ.

ಲೆಕ್ಕ ಹಾಕಿ ನೋಡಿ. ಉದಾಹರಣೆಗೆ ನಿಮ್ಮ ಹಸುವಿಗೆ 60,000 ರೂಪಾಯಿಗೆ ವಿಮೆ ಇದೆ ಎಂದುಕೊಳ್ಳೋಣ. ಅಷ್ಟೇ ಹಾಲು ಕೊಡುವ ಇನ್ನೊಂದು ಹಸು ಇವತ್ತಿನ ಸಂತೆಯಲ್ಲಿ 60,000ಕ್ಕೆ ಸಿಗುತ್ತದೆಯೇ? ಸಿಕ್ಕರೂ ಅದರ ಗುಣ ಗೊತ್ತಿಲ್ಲ, ಕೆಚ್ಚಲು ಬಾವು ಇದೆಯೋ ಇಲ್ಲವೋ ಗೊತ್ತಿಲ್ಲ. ಹಣ ಕೈಗೆ ಬರುವವರೆಗೆ ಸಂಘಕ್ಕೆ ಹಾಲು ಹಾಕದ ದಿನಗಳ ನಷ್ಟ ಬೇರೆ. ಜೊತೆಗೆ, ಬಹುತೇಕ ಪಾಲಿಸಿಗಳಲ್ಲಿ ವಿಮಾ ಮೊತ್ತ ಅಥವಾ ಕಾಯಿಲೆ ಬೀಳುವ ಮೊದಲು ಹಸುವಿಗಿದ್ದ ಮಾರುಕಟ್ಟೆ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ಕೊಡುತ್ತಾರೆ. ಸತ್ತ ಹಸುವಿನ ವಿಮೆಗಿಂತ ಬದುಕಿದ ಹಸುವೇ ಲಾಭ.

ಈ ತಪ್ಪು ತಿಳಿವಳಿಕೆ ಎಲ್ಲಿಂದ ಬಂತು?

ಮನುಷ್ಯರ ಆರೋಗ್ಯ ವಿಮೆಯಿಂದ ಎಂದು ನನಗನಿಸುತ್ತದೆ. ನಮ್ಮ ಸಹಕಾರಿ ಸದಸ್ಯರಿಗೆ ಯಶಸ್ವಿನಿ ಯೋಜನೆ ಚೆನ್ನಾಗಿ ಗೊತ್ತು. 2003ರಲ್ಲಿ ಶುರುವಾಗಿ, ನಡುವೆ ಕೆಲವು ವರ್ಷ ನಿಂತು, 2023ರಿಂದ ಮತ್ತೆ ನಡೆಯುತ್ತಿದೆ. ಅದರಲ್ಲಿ ಯಾವ ಯಾವ ಚಿಕಿತ್ಸೆಗೆ ಹಣ ಸಿಗುತ್ತದೆ ಎಂಬ ಪಟ್ಟಿ ಇದೆ, ಯೋಜನೆಗೆ ಸೇರಿದ ಆಸ್ಪತ್ರೆಗೇ ಹೋಗಬೇಕು, ಆಪರೇಷನ್ನಿಗೆ ಮೊದಲು ಅನುಮತಿ ಬರಬೇಕು. ಖಾಸಗಿ ಆರೋಗ್ಯ ವಿಮೆಯಲ್ಲೂ "ಈ ಆಪರೇಷನ್ ಪಾಲಿಸಿಯಲ್ಲಿ ಬರಲ್ಲ", "ಈ ಕಾಯಿಲೆ ಮೊದಲೇ ಇತ್ತು" ಎಂದು ಹೇಳಿ ಹಣ ನಿರಾಕರಿಸುವುದನ್ನು ನಾವೆಲ್ಲ ಕೇಳಿದ್ದೇವೆ. ಅಲ್ಲಿ ಕಂಪನಿ ಕೊಡಬೇಕಾಗಿರುವುದು ಆಪರೇಷನ್ ಖರ್ಚು. ಅದಕ್ಕೇ ಮೊದಲೇ ಅನುಮತಿ ಕೇಳುತ್ತದೆ. ಹಸುವಿನ ವಿಮೆಯಲ್ಲಿ ಕಂಪನಿ ಆಪರೇಷನ್ ಖರ್ಚನ್ನು ಕೊಡುವುದೇ ಇಲ್ಲವಾದ್ದರಿಂದ ಸಾಮಾನ್ಯವಾಗಿ ಅಂಥ ಅನುಮತಿಯ ಪದ್ಧತಿ ಇಲ್ಲ. ರಾತ್ರಿ ಹನ್ನೊಂದು ಗಂಟೆಗೆ ಕರು ಸಿಕ್ಕಿಹಾಕಿಕೊಂಡಾಗ ಏಜೆಂಟರ ಒಪ್ಪಿಗೆಗೆ ಕಾಯಬೇಕಾಗಿಲ್ಲ. ವಿಷಯ ತಿಳಿಸಿ, ಆದರೆ ಕಾಯಬೇಡಿ.

ಯಾವ ಆಪರೇಷನ್, ಎಷ್ಟು ಹೊತ್ತು?

ಹಳ್ಳಿಯ ಕೊಟ್ಟಿಗೆಯಲ್ಲಿ ಜೀವ ಉಳಿಸಲು ನಾವು ಮಾಡುವ ದೊಡ್ಡ ಆಪರೇಷನ್‌ಗಳು ಮುಖ್ಯವಾಗಿ ಎರಡು.

ಮೊದಲನೆಯದು, ಸಿಸೇರಿಯನ್. ಕರು ತುಂಬಾ ದೊಡ್ಡದಿದ್ದಾಗ, ಅಡ್ಡ ತಿರುಗಿದ್ದಾಗ, ಗರ್ಭಕೋಶ ತಿರುಚಿಕೊಂಡಾಗ ಇದು ಬೇಕಾಗುತ್ತದೆ. ಗರ್ಭಕೋಶ ತಿರುಚುವುದು ಎಮ್ಮೆಗಳಲ್ಲಿ ಹೆಚ್ಚು, ಹಸುಗಳಲ್ಲೂ ಉಂಟು. ದಿನ ತುಂಬಿದ ಹಸು ಚಡಪಡಿಸುತ್ತದೆ, ಮಲಗಿ ಏಳುತ್ತದೆ, ಹೊಟ್ಟೆಗೆ ಒದ್ದುಕೊಳ್ಳುತ್ತದೆ. ಆದರೆ ನೀರಿನ ಚೀಲ ಕಾಣಿಸುವುದಿಲ್ಲ. "ಇನ್ನೂ ಹೊತ್ತಾಗಿಲ್ಲ" ಎಂದು ನಾವು ಕಾಯುತ್ತೇವೆ, ಒಳಗೆ ಗರ್ಭಕೋಶಕ್ಕೆ ರಕ್ತದ ಓಡಾಟ ಕಡಿಮೆಯಾಗುತ್ತಾ ಹೋಗುತ್ತದೆ. ಬೇಗ ಕರೆದರೆ ಹಸುವನ್ನು ಮಲಗಿಸಿ, ಹೊಟ್ಟೆಯ ಮೇಲೆ ಹಲಗೆ ಇಟ್ಟು ಹೊರಳಿಸಿಯೇ ಸರಿಮಾಡುವ ಅವಕಾಶವಿರುತ್ತದೆ. ತಡವಾದಷ್ಟೂ ಆ ಅವಕಾಶ ಕಡಿಮೆ. ಒಂದು ದಿನ ದಾಟಿದರೆ ಕರು ಬಹುತೇಕ ಸತ್ತಿರುತ್ತದೆ, ಹಸುವಿಗೂ ನಂಜು ಏರಿರುತ್ತದೆ. ನೀರಿನ ಚೀಲ ಕಂಡು 2 ಗಂಟೆಯಾದರೂ ಕರು ಬಾರದಿದ್ದರೆ, ಅಥವಾ ಚಡಪಡಿಕೆ ಇದ್ದೂ ಚೀಲವೇ ಕಾಣದಿದ್ದರೆ ತಕ್ಷಣ ಕರೆ ಮಾಡಿ.

ಎರಡನೆಯದು, ಹೊಟ್ಟೆಯ ಆಪರೇಷನ್. ತಂತಿ, ಮೊಳೆ, ಸೂಜಿ ನುಂಗಿದ ಹಸುವಿಗೆ ಅಥವಾ ಪ್ಲಾಸ್ಟಿಕ್ ತುಂಬಿಕೊಂಡು ಮೆಲುಕು ನಿಂತ ಹಸುವಿಗೆ ಎಡಪಕ್ಕೆಯಲ್ಲಿ ಕೊಯ್ದು ದೊಡ್ಡ ಹೊಟ್ಟೆಯನ್ನು ತೆರೆದು ತೆಗೆಯುತ್ತೇವೆ. ಆ ಜಾಗ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಹಸುವನ್ನು ನಿಲ್ಲಿಸಿಕೊಂಡೇ ಮಾಡುವುದರಿಂದ ನೋಡುವವರಿಗೆ ಭಯವಾದರೂ ಸಮಯಕ್ಕೆ ಮಾಡಿದರೆ ಹಸು ಚೇತರಿಸಿಕೊಳ್ಳುವ ಸಾಧ್ಯತೆ ಚೆನ್ನಾಗಿಯೇ ಇರುತ್ತದೆ. ತಂತಿ ನುಂಗಿದ ಹಸು ಒಮ್ಮೆಲೇ ಹಾಲು ಇಳಿಸುತ್ತದೆ, ಬೆನ್ನು ಬಿಲ್ಲಿನಂತೆ ಮಾಡಿ ನಿಲ್ಲುತ್ತದೆ, ಇಳಿಜಾರಿನಲ್ಲಿ ನಡೆಯಲು ಒಲ್ಲೆ ಎನ್ನುತ್ತದೆ, ಮಲಗುವಾಗ ಏಳುವಾಗ ನರಳುತ್ತದೆ. ಈ ಹಂತದಲ್ಲಿ ಆಪರೇಷನ್ನಿಗೆ ಬೆಲೆ ಇದೆ. ತಂತಿ ಮುಂದೆ ಸರಿದು ಹೃದಯದ ಚೀಲಕ್ಕೆ ಚುಚ್ಚಿ, ಎದೆಯ ಮುಂಭಾಗದಲ್ಲಿ ನೀರು ತುಂಬಿ ಬಾವು ಬಂದ ಮೇಲೆ ನಮ್ಮ ಕೈಯಲ್ಲಿ ಹೆಚ್ಚೇನೂ ಉಳಿಯುವುದಿಲ್ಲ.

ಎರಡರಲ್ಲೂ ಅಪಾಯವಿದೆ. ಹೊಟ್ಟೆಯೊಳಗೆ ನಂಜಾಗಬಹುದು, ಸತ್ತೆ ಬೀಳದೆ ಉಳಿಯಬಹುದು, ಹಸು ಆಘಾತಕ್ಕೆ ಒಳಗಾಗಬಹುದು. ಅದಕ್ಕೇ ಆಪರೇಷನ್ನಿಗೆ ಮೊದಲು ನಾವು ಒಪ್ಪಿಗೆ ಪತ್ರಕ್ಕೆ ಸಹಿ ಕೇಳುತ್ತೇವೆ. "ಪ್ರಾಣಾಪಾಯ ಆಗಬಹುದು ಎಂದು ತಿಳಿದು ಒಪ್ಪಿದ್ದೇನೆ" ಎಂದು ಬರೆದುಕೊಟ್ಟರೆ ವಿಮೆಯ ಹಕ್ಕು ಬಿಟ್ಟುಕೊಟ್ಟಂತೆ ಎಂದು ಕೆಲವರು ಹೆದರುತ್ತಾರೆ. ಹಾಗಲ್ಲ. ಆ ಪತ್ರ ನಿಮ್ಮ ಮತ್ತು ವೈದ್ಯರ ನಡುವಿನದು. ಅರ್ಹ ವೈದ್ಯರಿಂದ, ಬೇಕಾದ ಕಾರಣಕ್ಕೆ, ನಿಮ್ಮ ಒಪ್ಪಿಗೆಯಿಂದಲೇ ಆಪರೇಷನ್ ನಡೆಯಿತು ಎಂಬುದಕ್ಕೆ ಅದೂ ಒಂದು ದಾಖಲೆ.

ಇಲ್ಲಿ ಇನ್ನೊಂದು ಮಾತು. ಹಸು ನಿಮ್ಮದು, ಹಾಲು ಹಾಕುವವರು ನೀವು, ಸದಸ್ಯತ್ವ ನಿಮ್ಮ ಹೆಸರಿನಲ್ಲಿದೆ. ಆ ಪತ್ರಕ್ಕೆ ಸಹಿ ಮಾಡುವ ಹಕ್ಕೂ ನಿಮ್ಮದೇ. "ಯಜಮಾನರು ಬೆಂಗಳೂರಿನಿಂದ ಬರಲಿ" ಎಂದು ಕಾದ ಗಂಟೆಗಳು ಹಸುವಿನ ಲೆಕ್ಕದಲ್ಲಿ ತುಂಬಾ ದುಬಾರಿ. ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಮನೆಯವರ ಜೊತೆ ಮೊದಲೇ ಮಾತಾಡಿಕೊಂಡಿರಿ.

ಒಂದು ಮನೆಯಲ್ಲಿ ನಡೆದದ್ದು

ನನ್ನ ಕಾರ್ಯವ್ಯಾಪ್ತಿಯ ಒಂದು ಹಳ್ಳಿ. ಮೂರನೇ ಸೂಲಿನ ಎಚ್.ಎಫ್. ಮಿಶ್ರತಳಿ ಹಸು, ಗರ್ಭಕೋಶ ತಿರುಚಿಕೊಂಡಿತ್ತು. ರಾತ್ರಿ ಎಂಟಕ್ಕೆ ಹೋಗಿ ಎರಡು ಸಲ ಹೊರಳಿಸಿದರೂ ಸರಿಹೋಗಲಿಲ್ಲ. ಸಿಸೇರಿಯನ್ ಮಾಡೋಣ ಎಂದೆ. ಮನೆಯ ಸೊಸೆ ಒಪ್ಪಿದರು, ಸಂಘದ ಸದಸ್ಯೆಯೂ ಅವರೇ. ಅವರ ಮಾವನವರು ಏಜೆಂಟರಿಗೆ ಫೋನ್ ಮಾಡಿದರು. "ಆಪರೇಷನ್ ಆದ್ರೆ ಕ್ಲೇಮ್ ಆಗಲ್ಲ" ಎಂಬ ಉತ್ತರ ಬಂತು. ಮಾತು ಅಲ್ಲಿಗೇ ನಿಂತಿತು. ಮರುದಿನ ಮಧ್ಯಾಹ್ನ ಹಸು ಮೇಲೇಳದಂತಾದಾಗ ಮತ್ತೆ ಕರೆದರು. ಆಪರೇಷನ್ ಮಾಡಿದೆವು. ಕರು ಸತ್ತಿತ್ತು, ಗರ್ಭಕೋಶ ಕಪ್ಪಾಗಿತ್ತು. ಮೂರನೇ ದಿನ ಹಸುವೂ ಹೋಯಿತು.

ವಿಮೆಗೆ ಅರ್ಜಿ ಹಾಕಿದರು. "ಶಸ್ತ್ರಚಿಕಿತ್ಸೆಯಿಂದಾದ ಸಾವು" ಎಂದು ಬರೆದು ಕಂಪನಿ ಅರ್ಜಿ ತಿರಸ್ಕರಿಸಿತು. ಆ ಹೆಣ್ಣುಮಗಳು ಸುಮ್ಮನಾಗಲಿಲ್ಲ. ಸಂಘದ ಕಾರ್ಯದರ್ಶಿಯವರನ್ನು ಕೂರಿಸಿಕೊಂಡು ಪಾಲಿಸಿ ಓದಿಸಿದರು. ಪರಿಹಾರ ಸಿಗುವ ಕಾರಣಗಳ ಪಟ್ಟಿಯಲ್ಲಿ "ಶಸ್ತ್ರಚಿಕಿತ್ಸೆ" ಎಂಬ ಪದ ಇತ್ತು. ಆ ಸಾಲಿನ ಕೆಳಗೆ ಗೆರೆ ಎಳೆದು, ನಾನು ಬರೆದಿದ್ದ ಚಿಕಿತ್ಸಾ ವಿವರ, ಒಪ್ಪಿಗೆ ಪತ್ರ, ಮರಣೋತ್ತರ ಪರೀಕ್ಷೆಯ ವರದಿ ಇವುಗಳ ಪ್ರತಿ ಸೇರಿಸಿ, ಮರುಪರಿಶೀಲನೆ ಕೋರಿ ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಕಳಿಸಿದರು. ಕೆಲವು ವಾರಗಳ ನಂತರ ಹಣ ಅವರ ಖಾತೆಗೆ ಬಂತು.

ಹಣ ಬಂತು ನಿಜ. ಆದರೆ ಆ ರಾತ್ರಿಯೇ ಆಪರೇಷನ್ ಆಗಿದ್ದರೆ ಹಸುವೂ ಕರುವೂ ಉಳಿಯುವ ಅವಕಾಶ ಇತ್ತು. ಪಾಲಿಸಿ ಓದದೆ ಆಡಿದ ಒಂದು ಮಾತು ಅದನ್ನು ತಪ್ಪಿಸಿತು.

ನಿಜವಾಗಿ ವಿಮೆ ಕೈತಪ್ಪುವುದು ಯಾವಾಗ?

ಆಪರೇಷನ್ನಿಂದ ಅಲ್ಲ, ಬೇರೆ ಕೆಲವು ಕಾರಣಗಳಿಂದ. ಇವುಗಳನ್ನು ಗಮನವಿಟ್ಟು ಓದಿ.

1. ಅನರ್ಹರಿಂದ ಚಿಕಿತ್ಸೆ: ಇದು ಬಹಳ ಮುಖ್ಯ. ಅರ್ಹತೆ ಇಲ್ಲದವರ ಚಿಕಿತ್ಸೆಯಿಂದಾದ ಸಾವಿಗೆ ಪಾಲಿಸಿಯಲ್ಲಿ ಪರಿಹಾರವಿಲ್ಲ. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯ ಪ್ರಕಾರ ಪಶುವೈದ್ಯ ವೃತ್ತಿ ನಡೆಸಲು ನೋಂದಾಯಿತ ಪಶುವೈದ್ಯರಾಗಿರಬೇಕು. ಒಂದು ಮನೆಯಲ್ಲಿ ಪಕ್ಕದ ಊರಿನ "ಕೈ ಹಾಕಿ ಕರು ತೆಗೆಯುವವರು" ಬಂದು, ನೋವು ಬರಿಸುವ ಇಂಜೆಕ್ಷನ್ ಚುಚ್ಚಿ, ನಾಲ್ಕು ಜನ ಹಗ್ಗ ಹಿಡಿದು ಎಳೆದಿದ್ದರು. ಗರ್ಭಕೋಶ ಹರಿದು ಹಸು ಸತ್ತಿತು. ಮರಣೋತ್ತರ ಪರೀಕ್ಷೆಯಲ್ಲಿ ಕಂಡದ್ದನ್ನು ನಾವು ಕಂಡಂತೆಯೇ ಬರೆಯಬೇಕು. ಆ ಕ್ಲೇಮ್ ಆಗಲಿಲ್ಲ.

2. ನಿರ್ಲಕ್ಷ್ಯ: ಕಾಯಿಲೆ ಗೊತ್ತಿದ್ದೂ ಚಿಕಿತ್ಸೆ ಕೊಡಿಸದೆ ಬಿಟ್ಟರೆ ಕಂಪನಿ ಅದನ್ನು ನಿರ್ಲಕ್ಷ್ಯ ಎಂದು ಹೇಳಬಹುದು. "ಸತ್ತರೆ ವಿಮೆ ಬರುತ್ತದೆ" ಎಂದು ಕಾಯುವುದು ಈ ಕಾರಣಕ್ಕೂ ಅಪಾಯ.

3. ಕಿವಿಯೋಲೆ ಇಲ್ಲದಿರುವುದು: ಓಲೆ ಇಲ್ಲದಿದ್ದರೆ ಕ್ಲೇಮ್ ಇಲ್ಲ. ಓಲೆ ಬಿದ್ದುಹೋದರೆ ಅದೇ ದಿನ ಸಂಘಕ್ಕೆ ಮತ್ತು ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ, ಹೊಸ ಓಲೆ ಹಾಕಿಸಿ, ಆ ಸಂಖ್ಯೆಯನ್ನು ಪಾಲಿಸಿಗೆ ಸೇರಿಸಿಸಿ.

4. ಮೊದಲ 15 ದಿನ: ಪಾಲಿಸಿ ಶುರುವಾದ ಮೊದಲ 15 ದಿನಗಳಲ್ಲಿ ಕಾಯಿಲೆಯಿಂದಾದ ಸಾವಿಗೆ ಸಾಮಾನ್ಯವಾಗಿ ಪರಿಹಾರವಿಲ್ಲ. ಪಾಲಿಸಿಗೆ ಮೊದಲೇ ಇದ್ದ ಕಾಯಿಲೆಗೂ ಇಲ್ಲ. ಹಾಗಾಗಿ ಹಳೆಯ ಪಾಲಿಸಿ ಮುಗಿಯುವ ಮುಂಚೆಯೇ ನವೀಕರಿಸಿ.

5. ಲಸಿಕೆ ಹಾಕಿಸದಿರುವುದು: ಕಾಲುಬಾಯಿ ಜ್ವರ, ಗಳಲೆ ರೋಗ, ಚಪ್ಪೆ ರೋಗದಂಥವುಗಳಿಂದ ಸತ್ತರೆ ಲಸಿಕೆ ಹಾಕಿಸಿದ ದಾಖಲೆ ಕೇಳುತ್ತಾರೆ. ಲಸಿಕೆ ತಂಡ ಊರಿಗೆ ಬಂದಾಗ "ಹಾಲು ಕಡಿಮೆಯಾಗುತ್ತದೆ" ಎಂದು ಹಸುವನ್ನು ಹೊಲಕ್ಕೆ ಹೊಡೆಯಬೇಡಿ.

6. ಹೆಸರಿನ ಗೊಂದಲ: ಪಾಲಿಸಿ ಗಂಡನ ಹೆಸರಿನಲ್ಲಿ, ಬ್ಯಾಂಕ್ ಖಾತೆ ಹೆಂಡತಿಯ ಹೆಸರಿನಲ್ಲಿ, ಓಲೆಯ ದಾಖಲೆ ಅತ್ತೆಯ ಹೆಸರಿನಲ್ಲಿ ಇದ್ದರೆ ಹಣ ಬರುವುದು ತಡವಾಗುತ್ತದೆ. ಮೂರೂ ಒಂದೇ ಹೆಸರಿನಲ್ಲಿರಲಿ. ಹಸು ಕೊಂಡಾಗ ಹಳೆಯ ಮಾಲೀಕರ ಪಾಲಿಸಿಯನ್ನು ನಿಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಿ.

ಆಪರೇಷನ್ ಹೊತ್ತಿನಲ್ಲಿ ನೀವು ಮಾಡಬೇಕಾದ್ದು

* ಮೊದಲು ವೈದ್ಯರಿಗೆ ಕರೆ ಮಾಡಿ. ಒಕ್ಕೂಟದ ತುರ್ತು ಸೇವೆ ಸಿಗದಿದ್ದರೆ 1962 ಸಂಖ್ಯೆಗೆ ಕರೆ ಮಾಡಿ, ಸಂಚಾರಿ ಪಶು ಚಿಕಿತ್ಸಾಲಯದ ವಾಹನಕ್ಕಾಗಿ ಕೇಳಿ. ಈ ಕರೆಗೆ ಶುಲ್ಕವಿಲ್ಲ.
* ಹಸುವಿನ ಕಿವಿಯೋಲೆ ಕಾಣುವಂತೆ ಒಂದು ಫೋಟೊ, ಇಡೀ ಹಸುವಿನ ಒಂದು ಫೋಟೊ ಮೊಬೈಲಿನಲ್ಲಿ ತೆಗೆದಿಡಿ. ಓಲೆಯ 12 ಅಂಕಿ ಸ್ಪಷ್ಟವಾಗಿ ಕಾಣಬೇಕು.
* ಸಂಘದ ಕಾರ್ಯದರ್ಶಿಯವರಿಗೆ ಫೋನ್ ಮಾಡಿ, "ಹಸು ಅಪಾಯದಲ್ಲಿದೆ, ಡಾಕ್ಟರು ಆಪರೇಷನ್ ಮಾಡುತ್ತಿದ್ದಾರೆ" ಎಂದು ಹೇಳಿ. ಅದನ್ನೇ ವಿಮಾ ಕಂಪನಿಗೆ ಅಥವಾ ಏಜೆಂಟರಿಗೆ ಮೆಸೇಜ್ ಕಳಿಸಿ. ಮೆಸೇಜಿಗೆ ದಿನ, ಸಮಯ ಎರಡೂ ತಾನಾಗಿ ದಾಖಲಾಗುತ್ತವೆ.
* ಚಿಕಿತ್ಸಾ ಚೀಟಿ ಕೇಳಿ ಪಡೆಯಿರಿ. ಕಾಯಿಲೆಯ ಹೆಸರು, ಪರೀಕ್ಷಿಸಿದ ಸಮಯ, ಆಪರೇಷನ್ ಏಕೆ ಬೇಕಾಯಿತು ಎಂಬುದು, ವೈದ್ಯರ ಸಹಿ ಮತ್ತು ನೋಂದಣಿ ಸಂಖ್ಯೆ ಅದರಲ್ಲಿರಲಿ. ಔಷಧಿ ಅಂಗಡಿಯ ಬಿಲ್ಲುಗಳನ್ನೂ ಇಟ್ಟುಕೊಳ್ಳಿ. ಆ ಹಣ ಬಾರದಿದ್ದರೂ ನೀವು ಚಿಕಿತ್ಸೆ ಕೊಡಿಸಿದ್ದಕ್ಕೆ ಅವು ಸಾಕ್ಷಿ.
* ಆಪರೇಷನ್ ಆದ ಮೇಲೆ ವೈದ್ಯರು ಹೇಳಿದಷ್ಟು ದಿನ ಇಂಜೆಕ್ಷನ್ ತಪ್ಪದೆ ಕೊಡಿಸಿ. ಗಾಯಕ್ಕೆ ನೊಣ ಕೂರದಂತೆ, ಸಗಣಿ ತಾಗದಂತೆ ನೋಡಿಕೊಳ್ಳಿ. ಹೊಲಿಗೆ ಬಿಚ್ಚಲು ಸಾಮಾನ್ಯವಾಗಿ 10ರಿಂದ 14 ದಿನ ಬೇಕು.
* ಔಷಧಿಯ ಅಂಶ ಹಾಲಿನಲ್ಲಿ ಇರುವವರೆಗೆ ಆ ಹಸುವಿನ ಹಾಲನ್ನು ಸಂಘಕ್ಕೆ ಹಾಕಬೇಡಿ. ಎಷ್ಟು ದಿನ ಎಂಬುದನ್ನು ವೈದ್ಯರಿಂದಲೇ ಕೇಳಿ ತಿಳಿಯಿರಿ.

ಹಸು ಸತ್ತುಹೋದರೆ

ದುಃಖದ ಹೊತ್ತಿನಲ್ಲೂ ಕೆಲವು ಕೆಲಸ ತಪ್ಪಬಾರದು. ತಕ್ಷಣ ಕಂಪನಿಗೆ ಮತ್ತು ಸಂಘಕ್ಕೆ ತಿಳಿಸಿ. ವೈದ್ಯರು ಬಂದು ಮರಣೋತ್ತರ ಪರೀಕ್ಷೆ ಮಾಡುವವರೆಗೆ ಹೂಳಬೇಡಿ, ಓಲೆಯನ್ನು ಕಿವಿಯಿಂದ ಬಿಚ್ಚಬೇಡಿ. ಹಸು ಇದ್ದಕ್ಕಿದ್ದಂತೆ ಸತ್ತು, ಮೂಗು, ಬಾಯಿ, ಗುದದ್ವಾರದಿಂದ ಕಪ್ಪು ರಕ್ತ ಸೋರುತ್ತಿದ್ದರೆ ಅದು ನೆರಡಿ ರೋಗವಿರಬಹುದು. ಅಂಥ ಹೆಣವನ್ನು ಯಾರೂ ಮುಟ್ಟಬಾರದು, ಕೊಯ್ಯಬಾರದು. ವೈದ್ಯರು ರಕ್ತದ ಮಾದರಿ ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತಾರೆ.

ಸರ್ಕಾರದ ರಾಷ್ಟ್ರೀಯ ಜಾನುವಾರು ಮಿಷನ್ ಅಡಿಯ ವಿಮೆಯಾದರೆ ಬೇಕಾಗುವ ಕಾಗದಗಳು ನಾಲ್ಕೇ: ಸಾವಿನ ಸೂಚನೆ, ಪಾಲಿಸಿ ಪತ್ರ, ಕ್ಲೇಮ್ ಅರ್ಜಿ, ಮರಣೋತ್ತರ ಪರೀಕ್ಷೆಯ ವರದಿ. ಇವು ಸೇರಿದ 15 ದಿನಗಳೊಳಗೆ ಹಣ ಕೊಡಬೇಕೆಂದು ಆ ಯೋಜನೆಯ ಮಾರ್ಗಸೂಚಿ ಹೇಳುತ್ತದೆ. 2024ರ ಫೆಬ್ರವರಿಯಲ್ಲಿ ಕೇಂದ್ರ ಸಚಿವ ಸಂಪುಟ ಈ ಯೋಜನೆಯಲ್ಲಿ ರೈತರು ಕಟ್ಟಬೇಕಾದ ಕಂತಿನ ಪಾಲನ್ನು ಶೇ. 15ಕ್ಕೆ ಇಳಿಸಿತು. ಉಳಿದದ್ದನ್ನು ಕೇಂದ್ರ ಮತ್ತು ನಮ್ಮಂಥ ರಾಜ್ಯಗಳು 60:40ರಂತೆ ಹಂಚಿಕೊಳ್ಳುತ್ತವೆ. ನಿಮ್ಮ ಹಸುವಿಗೆ ಯಾವ ಯೋಜನೆಯ ವಿಮೆ ಸಿಗುತ್ತದೆ ಎಂದು ಸಂಘದಲ್ಲಿ ವಿಚಾರಿಸಿ.

ತಿರಸ್ಕಾರದ ಪತ್ರ ಬಂದರೆ

"ಆಗಲ್ಲ" ಎಂದು ಬಾಯಲ್ಲಿ ಹೇಳಿದರೆ ಒಪ್ಪಬೇಡಿ. ಯಾವ ಷರತ್ತಿನ ಪ್ರಕಾರ ಆಗುವುದಿಲ್ಲ ಎಂದು ಬರಹದಲ್ಲಿ ಕೇಳಿ. ಆ ಪತ್ರ ಕೈಗೆ ಬಂದ ಮೇಲೆ ಮೊದಲು ಕಂಪನಿಯ ಕುಂದುಕೊರತೆ ವಿಭಾಗಕ್ಕೆ ಬರೆಯಿರಿ. ವಿಮಾ ನಿಯಂತ್ರಣ ಪ್ರಾಧಿಕಾರದ 155255 ಸಂಖ್ಯೆಗೆ ಕರೆ ಮಾಡಿಯೂ ದೂರು ದಾಖಲಿಸಬಹುದು. ಅಲ್ಲಿಗೂ ಬಗೆಹರಿಯದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ದೂರು ಕೊಡಬಹುದು, ಶುಲ್ಕವಿಲ್ಲ. ಇಲ್ಲವೇ ನಿಮ್ಮ ಜಿಲ್ಲೆಯ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬಹುದು. ಹಸುವಿನ ವಿಮೆಯಂಥ ಸಣ್ಣ ಮೊತ್ತದ ಪ್ರಕರಣಕ್ಕೆ ಅಲ್ಲಿಯೂ ಶುಲ್ಕವಿಲ್ಲ, ವಕೀಲರೇ ಬೇಕೆಂದೂ ಇಲ್ಲ. ಕಾಗದ ಪತ್ರ ಜೋಡಿಸಲು ಕಾರ್ಯದರ್ಶಿಯವರ ಮತ್ತು ನಮ್ಮ ವಿಸ್ತರಣಾಧಿಕಾರಿಗಳ ನೆರವು ಕೇಳಿ.

ಆಪರೇಷನ್ ಬೇಕಾಗದಂತೆ ನೋಡಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ಗೋದಲೆ ಗುಡಿಸುವಾಗ ತಂತಿ, ಸೂಜಿ, ಪಿನ್ನು ಹೆಕ್ಕಿ ತೆಗೆಯಿರಿ. ಮುಸುರೆಯ ಜೊತೆ ಪ್ಲಾಸ್ಟಿಕ್ ಚೀಲ ಹೋಗದಿರಲಿ. ದಿನ ತುಂಬಿದ ಹಸುವನ್ನು ರಾತ್ರಿ ಎದ್ದು ಒಮ್ಮೆ ನೋಡಿ.

ಮುಂದಿನ ಬಾರಿ ಸಂಘಕ್ಕೆ ಹಾಲು ಹಾಕಲು ಹೋಗುವಾಗ ಪಾಲಿಸಿ ಪತ್ರವನ್ನೂ ತೆಗೆದುಕೊಂಡು ಹೋಗಿ. ಓಲೆಯ ಸಂಖ್ಯೆ ಸರಿಯಿದೆಯೇ, ಕೊನೆಯ ದಿನಾಂಕ ಯಾವುದು, ಹೆಸರು ಯಾರದು, "ಶಸ್ತ್ರಚಿಕಿತ್ಸೆ" ಎಂಬ ಪದ ಎಲ್ಲಿದೆ ಎಂಬ ನಾಲ್ಕನ್ನು ನೋಡಿಕೊಂಡು ಬನ್ನಿ. ಆಗ ವೈದ್ಯರು ಆಪರೇಷನ್ ಆಗಬೇಕು ಎಂದ ಹೊತ್ತಿನಲ್ಲಿ ನೀವು ಯೋಚಿಸಬೇಕಾದ್ದು ಹಸುವಿನ ಬಗ್ಗೆ ಮಾತ್ರ.

– ಪಶುವೈದ್ಯಾಧಿಕಾರಿ, ಹಾಲು ಒಕ್ಕೂಟ